ಚಕ್ರ ಬಿಚ್ಚಿಟ್ಟ ಗರಗಸ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಇಂಜಿನಿಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಪೂಜ್ಯರು ನನಗೆ ಕೊಟ್ಟ ವಿಷಯ ‘ಯುವಕರಿಗೆ ಸ್ವಂತ ಉದ್ಯೋಗ’. ಇದರ ಮೇಲೆ ಪುಸ್ತಕ ನೋಡಿ ಮಾತನಾಡುವವರು ಬಹಳ ಜನ ಇದ್ದಾರೆ. ನಾನು ಒಂದೇ ಒಂದು ಉದ್ಯೋಗದ ಬಗ್ಗೆ ಮಾತನಾಡುತ್ತೇನೆ. ಅದು ಮರ ಕೊಯ್ಯುವ ಸಣ್ಣ ಯಂತ್ರದ ಉದ್ಯೋಗ, ಪೋರ್ಟಬಲ್ ಸಾ ಮಿಲ್ ಎನ್ನುತ್ತಾರೆ. ನಾನು ಇದನ್ನು ಆರಿಸಿಕೊಂಡಿರುವುದು ಇದರಲ್ಲಿ ಗೆದ್ದವನೆಂದಲ್ಲ. ಇದರಲ್ಲಿ ನನ್ನ ಮಾತು ಕೇಳಿ ನಮ್ಮ ಮನೆಯವನೊಬ್ಬ ನಷ್ಟ ಮಾಡಿಕೊಂಡ. ಆ ನಷ್ಟದಿಂದ ಏನು ಕಲಿತೆವು ಎಂಬುದನ್ನು ನಿಮ್ಮ ಮುಂದಿಟ್ಟರೆ ಇನ್ನೊಬ್ಬರ ಹಣವಾದರೂ ಉಳಿದೀತು.

ನಾನು ಮೂವತ್ತೊಂದು ವರ್ಷ ಸರ್ಕಾರಿ ಇಂಜಿನಿಯರಾಗಿ ಕೆಲಸ ಮಾಡಿ 2017ರಲ್ಲಿ ನಿವೃತ್ತನಾದೆ. ಮರುವರ್ಷ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಹೋದೆವು. ಹೆಂಡತಿಗೆ ಕೈತುಂಬ ಕೆಲಸ, ನನಗೆ ಕೆಲಸವೇ ಇಲ್ಲ. ಬೆಳಿಗ್ಗೆ ಅಡ್ಡಾಡುತ್ತ ಹೋದಾಗ ಒಂದು ಮನೆಯ ಅಂಗಳದಲ್ಲಿ ಗಾಳಿಗೆ ಉರುಳಿದ ಓಕ್ ಮರ ಬಿದ್ದಿತ್ತು. ಎರಡು ದಿನ ಬಿಟ್ಟು ನೋಡಿದರೆ ಕಾರಿನ ಹಿಂದೆ ಕಟ್ಟಿ ಎಳೆದು ತಂದ ಒಂದು ಯಂತ್ರ ಅದರ ಪಕ್ಕದಲ್ಲಿ ನಿಂತಿದೆ. ನಡೆಸುವವರು ನನ್ನಷ್ಟೇ ವಯಸ್ಸಿನ ನಿವೃತ್ತ ಶಿಕ್ಷಕರು. ಸಂಜೆಯ ಹೊತ್ತಿಗೆ ಆ ಮರ ಹಲಗೆಗಳಾಗಿ ಅದೇ ಅಂಗಳದಲ್ಲಿ ಅಟ್ಟಿಯಾಗಿ ಕುಳಿತಿತ್ತು. ನಾನು ನಿಂತಲ್ಲೇ ನಿಂತು ಇಡೀ ದಿನ ನೋಡಿದೆ. ಮಧ್ಯಾಹ್ನ ಊಟಕ್ಕೆ ಕರೆಯಲು ಮಗಳೇ ಬರಬೇಕಾಯಿತು.

ಯಂತ್ರದ ರಚನೆ ಬಹಳ ಸರಳ. ನಮ್ಮ ಊರಿನ ಅಡ್ಡೆಗಳಲ್ಲಿ ಯಂತ್ರ ಒಂದು ಕಡೆ ನಿಂತಿರುತ್ತದೆ, ದಿಮ್ಮಿಯನ್ನು ತಳ್ಳುಬಂಡಿಯ ಮೇಲೆ ಇಟ್ಟು ಗರಗಸದ ಕಡೆಗೆ ನೂಕುತ್ತಾರೆ. ಇದರಲ್ಲಿ ದಿಮ್ಮಿ ಮಲಗಿರುತ್ತದೆ, ಗರಗಸ ಹಳಿಯ ಮೇಲೆ ಅದರ ಉದ್ದಕ್ಕೂ ಸರಿಯುತ್ತದೆ. ಎರಡು ಗಾಲಿಗಳ ಸುತ್ತ ಸುತ್ತುವ ತೆಳುವಾದ ಪಟ್ಟಿಗರಗಸ, ಅದನ್ನು ತಿರುಗಿಸಲು ಒಂದು ಇಂಜಿನ್ ಅಥವಾ ಮೋಟಾರು, ಎತ್ತರ ಇಳಿಸಿ ಏರಿಸಲು ಒಂದು ತಿರುಪು. ಇಷ್ಟೇ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ವುಡ್-ಮೈಜರ್ ಎಂಬ ಕಂಪನಿ 1982ರಲ್ಲಿ ಆರಂಭವಾಗಿ ಇಂಥ ಯಂತ್ರಗಳನ್ನು ಜಗತ್ತಿಗೆಲ್ಲ ಪರಿಚಯಿಸಿತು. ಆಸ್ಟ್ರೇಲಿಯದ ಕಡೆ ಇನ್ನೊಂದು ಬಗೆಯಿದೆ. ಅದರಲ್ಲಿ ಒಂದೇ ದುಂಡು ಗರಗಸ ಒಮ್ಮೆ ಅಡ್ಡ, ಒಮ್ಮೆ ನೆಟ್ಟಗೆ ತಿರುಗಿಕೊಂಡು ಕೊಯ್ಯುತ್ತದೆ. ಪಪುವಾ ನ್ಯೂಗಿನಿಯಂಥ ಕಡೆ ರಸ್ತೆಯೇ ಇಲ್ಲದ ಊರುಗಳಿಗೆ ಇಂಥ ಯಂತ್ರಗಳನ್ನು ಬಿಡಿಬಿಡಿಯಾಗಿ ಹೊತ್ತುಕೊಂಡು ಹೋಗುತ್ತಾರೆ. ಮರವನ್ನು ಮಿಲ್ಲಿಗೆ ಒಯ್ಯುವ ಬದಲು ಮಿಲ್ಲನ್ನೇ ಮರದ ಬಳಿಗೆ ಒಯ್ಯುವುದು ಇದರ ತಿರುಳು.

ನನ್ನೊಳಗಿನ ಇಂಜಿನಿಯರ್ ಕುಣಿದದ್ದು ಇನ್ನೊಂದು ಕಾರಣಕ್ಕೆ. ಗರಗಸ ಪ್ರತಿ ಸಲ ಕೊಯ್ಯುವಾಗಲೂ ತನ್ನ ದಾರಿಗೆ ಬೇಕಾದಷ್ಟು ಮರವನ್ನು ಪುಡಿ ಮಾಡುತ್ತದೆ. ಒಂದು ಅಡಿಗೆ ಸ್ವಲ್ಪ ಕಡಿಮೆ, ಅಂದರೆ 300 ಮಿ.ಮೀ. ಚೌಕದ ತೊಲೆ ಇದೆ ಎಂದುಕೊಳ್ಳಿ. ಅದರಿಂದ 25 ಮಿ.ಮೀ. ದಪ್ಪದ ಹಲಗೆ ತೆಗೆಯಬೇಕು. ದಪ್ಪ ದುಂಡು ಗರಗಸ ಪ್ರತಿ ಕೊಯ್ತಕ್ಕೆ 6 ಮಿ.ಮೀ. ತಿಂದರೆ 9 ಹಲಗೆ ಬರುತ್ತವೆ. ತೆಳು ಪಟ್ಟಿಗರಗಸ 2.5 ಮಿ.ಮೀ. ತಿಂದರೆ ಅದೇ ತೊಲೆಯಲ್ಲಿ 11 ಹಲಗೆ. ಮನೆಗೆ ಹೋಗಿ ಲೆಕ್ಕ ಮಾಡಿ ನೋಡಿ: 11 ಹಲಗೆಗೆ 275, ನಡುವಿನ 10 ಕೊಯ್ತಕ್ಕೆ 25, ಒಟ್ಟು ಸರಿಯಾಗಿ 300. ಎರಡು ಹಲಗೆ ಸುಮ್ಮನೆ ಪುಡಿಯಾಗಿ ಹೋಗುತ್ತಿದ್ದವು, ಈಗ ಉಳಿದವು. ಇದನ್ನು ನಾನು ಆ ರಾತ್ರಿ ಮಗಳ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಬರೆದು ನೋಡಿದೆ. ಆಗ ನೆನಪಾದದ್ದು ನಮ್ಮ ಅಣ್ಣನ ಹೊಲ.

ನಮ್ಮೂರು ಹಾನಗಲ್ ತಾಲ್ಲೂಕಿನಲ್ಲಿದೆ, ಮಲೆನಾಡಿನ ಸೆರಗು. ಅಣ್ಣ ಬದುವಿನ ಮೇಲೆ ಸಾಗುವಾನಿ ಹಾಕಿದ್ದ, ಆಮೇಲೆ ಒಂದೆಕರೆ ಹೆಬ್ಬೇವು. ಕಟಾವಿಗೆ ಬಂದ ಮರಗಳನ್ನು ವ್ಯಾಪಾರಿಯೊಬ್ಬರು ನಿಂತಲ್ಲೇ ನೋಡಿ, ಇಡೀ ಸಾಲಿಗೆ ಇಷ್ಟು ಎಂದು ಗುತ್ತಿಗೆಯ ಮಾತಾಡಿ ಒಯ್ಯುತ್ತಿದ್ದರು. ಅಣ್ಣನ ಮಗ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯಲ್ಲಿ ಸಣ್ಣ ಸಂಬಳಕ್ಕೆ ದುಡಿಯುತ್ತಿದ್ದ. ನಾನು ಅಲ್ಲಿಂದಲೇ ಅವನಿಗೆ ವಿಡಿಯೊ ಕಳಿಸಿದೆ. ರಾತ್ರಿ ಫೋನು ಬಂತು.

“ಕಾಕಾ, ಇದು ನಮ್ಮ ಕಡೆ ನಡೀತೈತೇನು?”

“ಯಾಕ ನಡಿಯಂಗಿಲ್ಲ? ಮರ ನಿಮ್ಮದು, ಹೊಲ ನಿಮ್ಮದು, ಮಶೀನು ನಿಮ್ಮದು. ಯಾರನ್ನ ಕೇಳಬೇಕು?”

ಬಂಧುಗಳೇ, ಈ ಮಾತನ್ನು ಆಡಿದವನು ಮೂವತ್ತೊಂದು ವರ್ಷ ಇತರರಿಗೆ “ಮೊದಲು ಮಂಜೂರಾತಿ ತನ್ನಿ, ಆಮೇಲೆ ಕೆಲಸ ಶುರುಮಾಡಿ” ಎಂದು ಹೇಳಿದವನು. ಪರರಿಗೆ ಹೇಳುವಾಗ ನಿಯಮ, ಮನೆಯವರಿಗೆ ಹೇಳುವಾಗ ಉತ್ಸಾಹ.

2019ರಲ್ಲಿ ಅವನು ಕೆಲಸ ಬಿಟ್ಟು ಊರಿಗೆ ಬಂದ. ಯಂತ್ರ, ಟ್ರೇಲರು, ತಗಡಿನ ಶೆಡ್ಡು ಎಲ್ಲ ಸೇರಿ ಒಂಬತ್ತು ಲಕ್ಷ. ಅದರಲ್ಲಿ ಆರು ಲಕ್ಷ ಬ್ಯಾಂಕಿನ ಸಾಲ, ಉಳಿದದ್ದು ಅಣ್ಣನ ಉಳಿತಾಯ. ಯಂತ್ರಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಊರಿನ ಹಿರಿಯರಿಗೆ ಊಟ ಹಾಕಿದರು. ನಾನೇ ಮುಂದೆ ನಿಂತಿದ್ದೆ. ಮರುದಿನ ಮರ ಕಡಿಯಲು ಅನುಮತಿ ಕೇಳಲು ಹುಡುಗ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋದ. ಅಲ್ಲಿಯವರು ಕೂರಿಸಿ, ಚಹಾ ಕೊಟ್ಟು, ಸಮಾಧಾನದಿಂದ ಕೇಳಿದರು: “ಮರ ಕಡಿಯೋದು ಆಮ್ಯಾಲ ನೋಡೂಣು. ಕೊಯ್ಯೋ ಮಶೀನಿಗೆ ಲೈಸನ್ಸ್ ಎಲ್ಲೈತಿ?”

ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಈ ಉದ್ಯೋಗಕ್ಕೆ ಕೈ ಹಾಕುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಶುರುವಾಗಿ, ದೇಶದಾದ್ಯಂತ ಗರಗಸದ ಮಿಲ್ಲುಗಳ ಮೇಲೆ ಬಿಗಿ ಬಂತು. ಕೇಂದ್ರ ಪರಿಸರ ಸಚಿವಾಲಯ 2016ರ ನವೆಂಬರಿನಲ್ಲಿ ಮರ ಆಧಾರಿತ ಉದ್ಯಮಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದರಂತೆ ಪ್ರತಿ ರಾಜ್ಯದಲ್ಲೂ ಒಂದು ರಾಜ್ಯಮಟ್ಟದ ಸಮಿತಿ ಇರುತ್ತದೆ. ಆ ಭಾಗದಲ್ಲಿ ಮರ ಸಾಕಷ್ಟು ಸಿಗುತ್ತದೆಯೇ, ಹೊಸ ಮಿಲ್ಲಿಗೆ ಜಾಗವಿದೆಯೇ ಎಂದು ಅದು ನೋಡಿದ ಮೇಲೆ ಲೈಸನ್ಸಿನ ಮಾತು. ಅರಣ್ಯದ ಗಡಿಯಿಂದ ಇಷ್ಟು ದೂರ ಇರಬೇಕೆಂಬ ನಿಯಮವೂ ಇದೆ. ವಿದ್ಯುತ್ತಿನಿಂದಲೋ ಇಂಜಿನ್ನಿನಿಂದಲೋ ಮರ ಕೊಯ್ಯುವ ಯಂತ್ರ ಮತ್ತು ಅದು ಇರುವ ಜಾಗ, ಎರಡೂ ಸೇರಿ ಸಾ ಮಿಲ್. ಯಂತ್ರ ಸಣ್ಣದೋ ದೊಡ್ಡದೋ, ಅದಕ್ಕೆ ಚಕ್ರ ಇದೆಯೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ಲೈಸನ್ಸು ಜಾಗಕ್ಕೆ ಅಂಟಿಕೊಂಡಿರುತ್ತದೆ. ಅಮೆರಿಕದ ಆ ಶಿಕ್ಷಕರ ಉದ್ಯೋಗದ ಜೀವವೇ ಮನೆಯಿಂದ ಮನೆಗೆ ಹೋಗುವುದು. ನಮ್ಮಲ್ಲಿ ಅದಕ್ಕೇ ಅಡ್ಡಿ. ನಮ್ಮ ಅಣ್ಣನ ಹೊಲದಿಂದಲೋ ಅರಣ್ಯದ ಗಡಿ ಕಣ್ಣಿಗೆ ಕಾಣುತ್ತದೆ.

ಅಧಿಕಾರಿಗಳ ಮೇಲೆ ಸಿಟ್ಟು ಮಾಡುವ ವಿಷಯ ಇದಲ್ಲ. ಸ್ವಂತ ಹೊಲದ ಸಾಗುವಾನಿ ಯಾವುದು, ಕಾಡಿನಿಂದ ರಾತ್ರಿ ಬಂದ ಸಾಗುವಾನಿ ಯಾವುದು ಎಂದು ಹಲಗೆಯಾದ ಮೇಲೆ ದೇವರಿಗೂ ಹೇಳಲಾಗದು. ಓಡಾಡುವ ಗರಗಸಕ್ಕೆ ಕಾಡಿನ ಅಂಚಿನಲ್ಲಿ ಕಡಿವಾಣ ಬೇಕೆಂದರೆ ಅದರಲ್ಲಿ ನ್ಯಾಯವಿದೆ. ತಪ್ಪು ನಮ್ಮದು. ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಹಣ ಕೊಟ್ಟ ಮೇಲೆ ಕೇಳಿದೆವು.

ಹದಿನಾಲ್ಕು ತಿಂಗಳು ಆ ಯಂತ್ರ ಶೆಡ್ಡಿನಲ್ಲಿ ನಿಂತಿತು. ಒಂದು ದಿಮ್ಮಿಯನ್ನೂ ಕೊಯ್ಯಲಿಲ್ಲ. ಕೆಲವರು ಬಂದು, “ರಾತ್ರಿ ಕೊಯ್ರಿ, ಯಾರು ನೋಡತಾರ?” ಎಂದರು. ಹುಡುಗ ಒಪ್ಪಲಿಲ್ಲ. ಅವನ ಆ ಒಂದು ನಿರ್ಧಾರಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಆದರೆ ಕಂತು ನಿಲ್ಲಲಿಲ್ಲ. ನಾನು ಊರಿಗೆ ಹೋದಾಗ ಅಣ್ಣ ನನ್ನ ಜೊತೆ ಮಾತಾಡುವುದನ್ನು ಕಡಿಮೆ ಮಾಡಿದ್ದ. ಅತ್ತಿಗೆ ಒಂದು ಮಾತನ್ನೂ ಅನ್ನಲಿಲ್ಲ. ಚಹಾ ಕೊಡುತ್ತ ಒಮ್ಮೆ ಮಾತ್ರ ಹೇಳಿದರು: “ಮಶೀನಿನ ಮ್ಯಾಲ ಹೊದಿಸಿದ ತಾಡಪತ್ರಿ ಹರದೈತ್ರಿ. ಹೊಸಾದು ತರಬೇಕು.” ಆ ಚಹಾ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಕೊನೆಗೆ ಪಟ್ಟಣದಲ್ಲಿ ಹಳೆಯ ಲೈಸನ್ಸು ಇರುವ ಮಿಲ್ಲಿನ ಮಾಲೀಕರೊಬ್ಬರು ಸಿಕ್ಕರು. ಅವರು ತಮ್ಮ ಹಳೆಯ ಗರಗಸದ ಬದಲಿಗೆ ಇದನ್ನು ಕೂರಿಸಲು ಇಲಾಖೆಯ ಅನುಮತಿ ಪಡೆದು ಐದೂವರೆ ಲಕ್ಷಕ್ಕೆ ಕೊಂಡರು. ಬೆಲೆಯಲ್ಲಿ ಮೂರೂವರೆ ಲಕ್ಷ, ಬಡ್ಡಿಯಲ್ಲಿ ಸುಮಾರು ಎಂಬತ್ತು ಸಾವಿರ, ಒಟ್ಟು ನಾಲ್ಕು ಲಕ್ಷದ ಮೂವತ್ತು ಸಾವಿರ ನಷ್ಟ. ಅದರ ಅರ್ಧವನ್ನು ನನ್ನ ನಿವೃತ್ತಿ ಹಣದಿಂದ ಕೊಟ್ಟೆ. ಸಲಹೆ ಕೊಟ್ಟವನಿಗೆ ನಷ್ಟದಲ್ಲಿ ಪಾಲಿಲ್ಲದಿದ್ದರೆ ಅದು ಎಂಥ ಸಲಹೆ? ಅವರ ಶೆಡ್ಡಿನಲ್ಲಿ ಯಂತ್ರವನ್ನು ಕಾಂಕ್ರೀಟಿನ ಮೇಲೆ ಕೂರಿಸುವ ದಿನ ನಾನೂ ಹೋಗಿದ್ದೆ. ಮೊದಲು ಮಾಡಿದ ಕೆಲಸ, ಚಕ್ರ ಬಿಚ್ಚಿದ್ದು. ಆ ಎರಡು ಚಕ್ರ ಈಗಲೂ ಅಣ್ಣನ ಮನೆಯ ಹಿತ್ತಲಲ್ಲಿವೆ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಲ್ಲಿ ನಿಲ್ಲುತ್ತಿರಲಿಲ್ಲ. ಆ ಮಾಲೀಕರು ನಮ್ಮ ಹುಡುಗನನ್ನೇ ಯಂತ್ರ ನಡೆಸಲು ಕರೆದರು. ಕೊಯ್ದಷ್ಟಕ್ಕೆ ಕೂಲಿ. ಅಲ್ಲಿ ಅವನು ಕಲಿತ ಲೆಕ್ಕ, ನಾನು ಪಕ್ಕದಲ್ಲಿ ಕುಳಿತು ತಿದ್ದಿದ ಲೆಕ್ಕ, ಎರಡನ್ನೂ ಈಗ ನಿಮಗೆ ಹೇಳುತ್ತೇನೆ. ಯುವಕರು ಬರೆದುಕೊಳ್ಳಿ.

ಮೊದಲನೆಯದು ಅಳತೆಯ ಲೆಕ್ಕ. ನಮ್ಮಲ್ಲಿ ದಿಮ್ಮಿಯನ್ನು ಸುತ್ತಳತೆಯ ಕಾಲುಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಸುತ್ತಳತೆ 48 ಇಂಚು, ಉದ್ದ 10 ಅಡಿ ಎನ್ನಿ. ಕಾಲುಭಾಗ 12 ಇಂಚು. 12ನ್ನು 12ರಿಂದ ಗುಣಿಸಿ, 10ರಿಂದ ಗುಣಿಸಿ, 144ರಿಂದ ಭಾಗಿಸಿದರೆ 10 ಘನ ಅಡಿ. ಆದರೆ ದುಂಡು ದಿಮ್ಮಿಯ ನಿಜವಾದ ಗಾತ್ರ ಸುಮಾರು 12.7 ಘನ ಅಡಿ. ಈ ವ್ಯತ್ಯಾಸ ಮೋಸವಲ್ಲ, ಕೊಯ್ಯುವಾಗ ಹೋಗುವ ಸಿಪ್ಪೆ ಹೊಟ್ಟುಗಳಿಗೆ ಹಿಂದಿನಿಂದ ಬಿಟ್ಟು ಬಂದ ಸೋಡಿ. ಆದರೆ ರೈತನಿಗೆ ಇದು ಗೊತ್ತಿರಬೇಕು. ಟೇಪು ಹಿಡಿಯದೆ ಇಡೀ ಸಾಲನ್ನು ಕಣ್ಣಂದಾಜಿನಲ್ಲಿ ಮಾರುವವನು ಯಾವ ಸೋಡಿ ಬಿಟ್ಟೆ ಎಂದೂ ತಿಳಿಯದೆ ಮಾರುತ್ತಾನೆ. ನೀವು ಮಿಲ್ಲು ನಡೆಸದಿದ್ದರೂ ಪರವಾಗಿಲ್ಲ, ಒಂದು ಟೇಪು ಕೊಳ್ಳಿ.

ಎರಡನೆಯದು ದಿನದ ಖರ್ಚಿನ ಲೆಕ್ಕ. ಉದಾಹರಣೆಗೆ ಯಂತ್ರ ಮತ್ತು ಶೆಡ್ಡಿಗೆ ಒಂಬತ್ತು ಲಕ್ಷ ಹಾಕಿದ್ದೀರಿ, ಆರು ವರ್ಷದಲ್ಲಿ ಅದು ಮರಳಬೇಕು. ವರ್ಷಕ್ಕೆ ಒಂದೂವರೆ ಲಕ್ಷ. ಬಡ್ಡಿ ಅರವತ್ತು ಸಾವಿರ, ವಿಮೆ ಮತ್ತು ದುರಸ್ತಿ ಅರವತ್ತು ಸಾವಿರ. ಒಟ್ಟು 2 ಲಕ್ಷ 70 ಸಾವಿರ. ಮಳೆ, ಹಬ್ಬ, ರಿಪೇರಿ, ಮಾಲು ಇಲ್ಲದ ದಿನ ಬಿಟ್ಟರೆ 150 ದಿನ ಕೆಲಸ ಎನ್ನಿ. ಯಂತ್ರ ಶುರುವಾಗುವ ಮೊದಲೇ ದಿನಕ್ಕೆ 1,800 ರೂಪಾಯಿ ಬಿತ್ತು. ಇಬ್ಬರು ಆಳುಗಳಿಗೆ 1,400, ಇಂಧನಕ್ಕೆ 1,000, ಬ್ಲೇಡು ಮತ್ತು ಸಾಣೆಗೆ 600, ಸಾಗಣೆ ಮತ್ತು ಇತರೆ 500. ನಿಮ್ಮ ಸ್ವಂತ ಕೂಲಿ 1,000. ಒಟ್ಟು 6,300. ದಿನಕ್ಕೆ 60 ಘನ ಅಡಿ ಹಲಗೆ ತೆಗೆದರೆ ಘನ ಅಡಿಗೆ 105 ರೂಪಾಯಿ ಖರ್ಚು. 42 ಘನ ಅಡಿ ಮಾತ್ರ ತೆಗೆದರೆ 150 ರೂಪಾಯಿ. ಅಂಕಿಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ, ಕ್ರಮವನ್ನು ಬದಲಿಸಬೇಡಿ. ನಮ್ಮ ಹುಡುಗರು ಲೆಕ್ಕ ಹಾಕುವಾಗ ಎರಡು ಸಾಲು ಬಿಟ್ಟುಬಿಡುತ್ತಾರೆ: ಯಂತ್ರದ ಸವೆತ, ಮತ್ತು ತಮ್ಮ ಕೂಲಿ. ಇವೆರಡನ್ನು ಬಿಟ್ಟು ಬಂದ ಲಾಭ ಲಾಭವಲ್ಲ, ಮುಂದಿನ ವರ್ಷದ ಸಾಲ.

ಮೂರನೆಯದು ಬ್ಲೇಡಿನ ಲೆಕ್ಕ. ಈ ಉದ್ಯೋಗವನ್ನು ಇಂಜಿನ್ನಿಗಿಂತ ಹೆಚ್ಚಾಗಿ ಬ್ಲೇಡು ನಡೆಸುತ್ತದೆ. ಬಟ್ಟೆ ಒಣಹಾಕಲು ಎಂದೋ ಹೊಡೆದ ಒಂದು ಮೊಳೆ, ದನ ಕಟ್ಟಿದ ಒಂದು ತಂತಿ, ತೊಗಟೆಗೆ ಮೆತ್ತಿದ ಮಣ್ಣು, ಇವುಗಳಲ್ಲಿ ಒಂದು ಸಾಕು, ಹೊಸ ಬ್ಲೇಡು ಒಂದೇ ನಿಮಿಷದಲ್ಲಿ ಮೊಂಡಾಗಲು. ಮೊಂಡು ಬ್ಲೇಡು ನೆಟ್ಟಗೆ ಹೋಗುವುದಿಲ್ಲ, ಹಲಗೆ ಅಲೆಅಲೆಯಾಗಿ ಬರುತ್ತದೆ. ಅದಕ್ಕೆ ದಿಮ್ಮಿಯನ್ನು ನೆಲದ ಮೇಲೆ ಎಳೆಯಬಾರದು, ಮಣ್ಣು ತೊಳೆದು ಏರಿಸಬೇಕು, ಮನೆ ಹಿತ್ತಲಿನ ಮರವಾದರೆ ಲೋಹಶೋಧಕ ಆಡಿಸಬೇಕು. ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿತ ಸಡಿಲಿಸಬೇಕು, ಇಲ್ಲವಾದರೆ ಅದು ಬೇಗ ಬಿರುಕು ಬಿಡುತ್ತದೆ. ಅಮೆರಿಕದ ಆ ಶಿಕ್ಷಕರು ಗಿರಾಕಿಯ ಕೈಯಲ್ಲಿ ಮೊದಲೇ ಒಂದು ಕಾಗದಕ್ಕೆ ಸಹಿ ಹಾಕಿಸುತ್ತಿದ್ದರು: ಮರದಲ್ಲಿ ಮೊಳೆ ಸಿಕ್ಕರೆ ಬ್ಲೇಡಿನ ಬೆಲೆ ಗಿರಾಕಿಯದು. ಕೆಲಸ ಎಷ್ಟೇ ಸಣ್ಣದಿರಲಿ, ಕನಿಷ್ಠ ಇಷ್ಟು ಎಂಬ ದರವೂ ಇತ್ತು. ನಮಗೆ ಇದು ನಿಷ್ಠುರ ಎನಿಸುತ್ತದೆ. ಮೊದಲೇ ಹೇಳಿದ ಮಾತು ನಿಷ್ಠುರವಲ್ಲ, ಆಮೇಲೆ ಆಡುವ ಜಗಳ ನಿಷ್ಠುರ.

ಇದರ ಜೊತೆಗೇ ಜೀವದ ಮಾತು. ಓಡುವ ಪಟ್ಟಿಗರಗಸದ ಮುಂದೆ ಹೆಗಲ ಮೇಲಿನ ಶಲ್ಯ, ಜೋತಾಡುವ ಲುಂಗಿ, ಸಡಿಲು ತೋಳಿನ ಅಂಗಿ ಬೇಡ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು. ಬ್ಲೇಡಿನ ಮರೆಯನ್ನು ತೆಗೆದು ಕೆಲಸ ಮಾಡುವವನನ್ನು ಅಂದೇ ಮನೆಗೆ ಕಳಿಸಿ. ಉರುಳುವ ದಿಮ್ಮಿಯ ಇಳಿಜಾರಿನ ಕಡೆ ಯಾರೂ ನಿಲ್ಲಬಾರದು. ಕೂಲಿಯವನ ಬೆರಳಿಗೆ ನಿಮ್ಮ ಬೆರಳಿನಷ್ಟೇ ಬೆಲೆ.

ನಾಲ್ಕನೆಯದು ಒಣಗಿಸುವ ಲೆಕ್ಕ. ನಿಜವಾದ ಲಾಭ ಇಲ್ಲಿದೆ, ನಮ್ಮ ಜನ ಅವಸರಪಡುವುದೂ ಇಲ್ಲೇ. ಇದಕ್ಕೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಹಳ್ಳಿ ಶಾಲೆಯ ಕಟ್ಟಡ ನನ್ನ ಉಸ್ತುವಾರಿಯಲ್ಲಿತ್ತು. ಬಾಗಿಲು ಚೌಕಟ್ಟಿನ ಮರ ಹಸಿಯಾಗಿದೆ ಎಂದು ಮುಟ್ಟಿದರೇ ತಿಳಿಯುತ್ತಿತ್ತು. ಮಾರ್ಚ್ ತಿಂಗಳು, ಹಣ ವಾಪಸು ಹೋಗುತ್ತದೆ ಎಂಬ ಅವಸರ. ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಮೇ ತಿಂಗಳಲ್ಲಿ ಬಾಗಿಲುಗಳು ತಿರುಚಿಕೊಂಡವು. ಜೂನ್‌ನಲ್ಲಿ ಶಾಲೆ ಶುರುವಾದಾಗ ಒಂದು ಕೋಣೆಯ ಬಾಗಿಲು ಮುಚ್ಚುತ್ತಲೇ ಇರಲಿಲ್ಲ. ಮಳೆ ಒಳಗೆ ಬರದಂತೆ ಇಬ್ಬರು ಹುಡುಗರು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಪಾಠ ಕೇಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಆ ಸಹಿ ನನ್ನದು.

ಹಸಿ ಮರದಲ್ಲಿ ನೀರಿದೆ. ನೀರು ಹೋಗುತ್ತ ಮರ ಕುಗ್ಗುತ್ತದೆ, ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಅದಕ್ಕೇ ತಿರುಚುವುದು, ಸೀಳುವುದು. ಸಾಗುವಾನಿ ಕಡಿಮೆ ಕುಗ್ಗುತ್ತದೆ, ನೀಲಗಿರಿ ಬಹಳ ಕಾಡುತ್ತದೆ. ತೇವ ಅಳೆಯಲು ಮೀಟರು ಸಿಗುತ್ತದೆ. ಮೀಟರು ಇಲ್ಲದಿದ್ದರೆ ಹಲಗೆಯ ನಡುವಿನಿಂದ ಒಂದು ತುಂಡು ಕತ್ತರಿಸಿ ತೂಗಿ. ಅದನ್ನು ನೂರು ಡಿಗ್ರಿಗಿಂತ ಸ್ವಲ್ಪ ಹೆಚ್ಚಿನ ಕಾವಿನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. 130 ಗ್ರಾಂ ಇದ್ದದ್ದು 100ಕ್ಕೆ ಬಂದರೆ ತೇವ 30 ಪ್ರತಿಶತ. ಬಾಗಿಲು, ಮಂಚಕ್ಕೆ ಹೋಗುವ ಹಲಗೆ ಇದರ ಅರ್ಧಕ್ಕಿಂತಲೂ ಕೆಳಗೆ ಬರಬೇಕು. ಯಾವ ಕೆಲಸಕ್ಕೆ ಎಷ್ಟು ತೇವ ಇರಬಹುದು ಎಂಬುದಕ್ಕೆ ಭಾರತೀಯ ಮಾನಕ 287, ಒಣಗಿಸುವ ಕ್ರಮಕ್ಕೆ ಮಾನಕ 1141 ಇವೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರದ ಕೆಲಸಕ್ಕೆ ಇಳಿಯುವವರು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ಒಣಗಿಸಲು ದೊಡ್ಡ ಯಂತ್ರ ಬೇಕಿಲ್ಲ. ನೆಲದಿಂದ ಒಂದೂವರೆ ಅಡಿ ಎತ್ತರದ ಕಟ್ಟೆ, ಮೇಲೆ ತಗಡು, ಪಕ್ಕಕ್ಕೆ ಗೋಡೆ ಬೇಡ. ಹಲಗೆಯಿಂದ ಹಲಗೆಗೆ ನಡುವೆ ಒಂದಿಂಚಿನ ಒಣ ರೀಪು, ಎಲ್ಲ ರೀಪುಗಳೂ ಮೇಲಿನಿಂದ ಕೆಳಗಿನವರೆಗೆ ಒಂದೇ ನೇರದಲ್ಲಿ. ಹಲಗೆಯ ತುದಿಗಳಿಗೆ ಬಣ್ಣ ಅಥವಾ ಮೇಣ, ಇಲ್ಲವಾದರೆ ತುದಿ ಬೇಗ ಒಣಗಿ ಸೀಳುತ್ತದೆ. ಅಟ್ಟಿಯ ಮೇಲೆ ಭಾರ. ಮಾವಿನಂಥ ಮರವನ್ನು ಕಡಿದ ಕೂಡಲೇ ಕೊಯ್ದು, ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ದ್ರಾವಣದ ಉಪಚಾರ ಮಾಡಬೇಕು, ತಡಮಾಡಿದರೆ ಬೂಸು, ಹುಳ ಎರಡೂ ಹಿಡಿಯುತ್ತವೆ. ಇನ್ನು ಬೇಕಾದದ್ದು ತಾಳ್ಮೆ. ಅದನ್ನು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ನಮ್ಮ ಹುಡುಗ ಹಿಡಿದ ದಾರಿ ಇದೇ. ಹಗಲು ಆ ಮಿಲ್ಲಿನಲ್ಲಿ ಯಂತ್ರ ನಡೆಸುತ್ತಾನೆ. ಅಣ್ಣನ ಮತ್ತು ಅಕ್ಕಪಕ್ಕದ ರೈತರ ಮರಗಳನ್ನು ಟೇಪು ಹಿಡಿದು ಅಳೆದು, ಅವರೆದುರೇ ಲೆಕ್ಕ ಬರೆದು ಕೊಳ್ಳುತ್ತಾನೆ. ಕಡಿಯಲು ಅನುಮತಿ ಬೇಕಾದ ಮರಕ್ಕೆ ಅನುಮತಿ, ಸಾಗಿಸಲು ಪರವಾನಗಿ, ಎಲ್ಲ ಕಾಗದ ಒಂದು ಕಡತದಲ್ಲಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಅದರಲ್ಲಿ ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಮರಗಳಿಗೆ ವಿನಾಯಿತಿ ಇದೆ, ಸಾಗುವಾನಿಗೆ ಆ ಭಾಗ್ಯ ಇಲ್ಲ. ಮಿಲ್ಲಿನಲ್ಲಿ ಕೊಯ್ಸಿದ ಹಲಗೆಯನ್ನು ಊರಿನ ಅದೇ ಶೆಡ್ಡಿನಲ್ಲಿ, ಯಂತ್ರ ಸುಮ್ಮನೆ ನಿಂತಿದ್ದ ಜಾಗದಲ್ಲಿ, ಅಟ್ಟಿ ಹಾಕಿ ಒಣಗಿಸುತ್ತಾನೆ. ಕೊಯ್ದ ಹಲಗೆಯಿಂದ ಬಾಗಿಲು, ಮಂಚ ಮಾಡುವ ಸಣ್ಣ ಘಟಕಕ್ಕೆ, ಪಟ್ಟಿಗರಗಸವಿಲ್ಲದೆ, 30 ಸೆಂ.ಮೀ. ವ್ಯಾಸ ಮೀರದ ದುಂಡು ಗರಗಸ ಬಳಸಿದರೆ, ಕೇಂದ್ರದ ಮಾರ್ಗಸೂಚಿಯಲ್ಲಿ ಲೈಸನ್ಸಿನ ವಿನಾಯಿತಿ ಇದೆ. ಹಾಗಿದ್ದರೂ ಅವನು ಈ ಸಲ ಮೊದಲು ಕಚೇರಿಗೆ ಹೋಗಿ, ಲಿಖಿತವಾಗಿ ಕೇಳಿ, ಉತ್ತರ ಬಂದ ಮೇಲೆ ಗರಗಸ ಕೊಂಡ. ನೀವೂ ಹಾಗೆಯೇ ಮಾಡಿ, ನನ್ನ ಭಾಷಣವನ್ನು ಅನುಮತಿ ಪತ್ರವೆಂದು ತಿಳಿಯಬೇಡಿ. ಒಮ್ಮೆ ತಿಳಿದು ಆಗಿದೆ!

ಊರಿನ ಹಿರಿಯ ಬಡಗಿಯೊಬ್ಬರನ್ನು ಪಾಲುದಾರರನ್ನಾಗಿ ಮಾಡಿಕೊಂಡಿದ್ದಾನೆ. ಕೂಲಿಯಲ್ಲ, ಪಾಲು. ಯಂತ್ರದ ಲೆಕ್ಕ ಇವನಿಗೆ ಗೊತ್ತು, ಮರದ ಮನಸ್ಸು ಅವರಿಗೆ ಗೊತ್ತು. ಪ್ರತಿ ಬಿಲ್ಲಿನಲ್ಲಿ ಮರದ ಜಾತಿ, ಅಳತೆ, ತೇವದ ಪ್ರಮಾಣ ಬರೆದು ಕೊಡುತ್ತಾನೆ. ಒಣಗಿಲ್ಲದ ಹಲಗೆ ಕೇಳಿ ಬಂದವರಿಗೆ, “ಇನ್ನ ಎರಡು ತಿಂಗಳ ಬಿಟ್ಟು ಬರ್ರಿ” ಎನ್ನುತ್ತಾನೆ. ಮೊದಲ ವರ್ಷ ಹಾಗೆ ಅನ್ನಿಸಿಕೊಂಡು ಹೋದ ಗಿರಾಕಿಗಳು ತಿರುಗಿ ಬರಲಿಲ್ಲ. ಎರಡನೆಯ ವರ್ಷ ಬಂದರು, ಬರುವಾಗ ಬೀಗರನ್ನೂ ಕರೆತಂದರು. ಸಿಪ್ಪೆ ಹಲಗೆ ಬೇಲಿಗೂ ಒಲೆಗೂ ಹೋಗುತ್ತದೆ, ಒಣ ಹೊಟ್ಟು ದನದ ಕೊಟ್ಟಿಗೆಯ ಹಾಸಿಗೆ. ಬ್ಯಾಂಕಿನ ಸಾಲದ ಕೊನೆಯ ಕಂತು ಹೋದ ವರ್ಷ ಮುಗಿಯಿತು. ಹುಬ್ಬಳ್ಳಿಯ ಸಂಬಳಕ್ಕಿಂತ ಈಗ ಹೆಚ್ಚು ಉಳಿಯುತ್ತದೆ, ಬಹಳ ಹೆಚ್ಚೇನಲ್ಲ. ಮನೆಯಲ್ಲಿದ್ದಾನೆ, ಸಾಲವಿಲ್ಲದೆ ಮಲಗುತ್ತಾನೆ.

ನಮ್ಮ ಪರಂಪರೆಯಲ್ಲಿ ಮರ ಹೊಸತಲ್ಲ. ಬಾಚಿ ಹಿಡಿದು ಬಡಗಿತನ ಮಾಡಿದ ಬಾಚಿಕಾಯಕದ ಬಸವಣ್ಣ ಶರಣರ ಸಾಲಿನಲ್ಲಿದ್ದಾರೆ. ಕಟ್ಟಿಗೆಯ ಹೊರೆ ಮಾರಿ ಬದುಕಿದ ಮೋಳಿಗೆಯ ಮಾರಯ್ಯನವರಿದ್ದಾರೆ. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಮಗ ಮರದ ಹೊಟ್ಟು ಮೈಗೆ ಹಚ್ಚಿಕೊಂಡು ಬಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ನಗರದಲ್ಲಿ ಇನ್ನೊಬ್ಬರ ಕಂಪನಿಯಲ್ಲಿ ಕಡಿಮೆ ಸಂಬಳಕ್ಕೆ ಕುಳಿತರೆ ಸಂಬಂಧ ಬರುತ್ತದೆ. ಆ ಶರಣರ ಹೆಸರನ್ನು ವರ್ಷಕ್ಕೊಮ್ಮೆ ವೇದಿಕೆಯಲ್ಲಿ ಹೇಳಿ, ಮನೆಯಲ್ಲಿ ಕಾಯಕಕ್ಕೆ ಹೀಗೆ ಬೆಲೆ ಕಟ್ಟಿದರೆ ಯುವಕರು ಯಾವುದನ್ನು ನಂಬಬೇಕು? ಇದು ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಿಗೆ ನನ್ನ ಪ್ರಶ್ನೆ, ನನ್ನನ್ನೂ ಸೇರಿಸಿ.

ಇನ್ನು ಯುವಕರಿಗೆ ಮೂರೇ ಮಾತು. ಯಂತ್ರ ನೋಡಿ ಉದ್ಯೋಗ ಆರಿಸಬೇಡಿ, ಅದರ ಮೊದಲ ಕಾಗದ ಯಾವುದು ಎಂದು ಕೇಳಿ. ಕೊಳ್ಳುವ ಮೊದಲು ಆರು ತಿಂಗಳು ಇನ್ನೊಬ್ಬರ ಅಡ್ಡೆಯಲ್ಲಿ ಕೂಲಿ ಮಾಡಿ, ನಮ್ಮ ಹುಡುಗ ಇದನ್ನು ಉಲ್ಟಾ ಮಾಡಿ ನಾಲ್ಕು ಲಕ್ಷ ಶುಲ್ಕ ಕಟ್ಟಿದ. ಮತ್ತು ಅಳತೆಯಲ್ಲಿ, ತೇವದಲ್ಲಿ ಸುಳ್ಳು ಬರೆಯಬೇಡಿ. ಮರ ಮಾತಾಡುವುದಿಲ್ಲ ಎಂದುಕೊಂಡಿದ್ದೀರಿ. ಬೇಸಿಗೆ ಬಂದಾಗ ಬಾಗಿಲು ಮಾತಾಡುತ್ತದೆ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ನಮ್ಮ ಮನೆಯ ಹಿಂಬಾಗಿಲು ಹಳೆಯದಾಗಿತ್ತು, ಹುಡುಗ ಹೊಸದು ಮಾಡಿಟ್ಟಿದ್ದ. ಅಣ್ಣ ಅದನ್ನು ಎರಡು ಸಲ ತೆರೆದು ಮುಚ್ಚಿ ನೋಡಿದ. ನನ್ನ ಕಡೆ ತಿರುಗಿ, “ಸರಿ ಕೂತೈತಿ” ಎಂದ. ಅವನು ನನ್ನೊಡನೆ ಇನ್ನೂ ಮೊದಲಿನಂತೆ ಮಾತಾಡುವುದಿಲ್ಲ. ಆದರೆ ಆ ಎರಡು ಮಾತು ಆಡಿದ. ನನಗೆ ಅಷ್ಟು ಸಾಕು.